ರಕ್ತ ಬರಲಿಲ್ಲ, ಏನೂ ಆಗಿಲ್ಲ ಎನ್ನುವ ಮುನ್ನ...

ಮಳೆಗಾಲ ಶುರುವಾಗುತ್ತಿದ್ದ ಹಾಗೆ ನಮ್ಮ ಕಡೆ ಶಾಲೆಗಳಲ್ಲಿ ಆಟೋಟದ ಗಡಿಬಿಡಿಯೂ ಶುರುವಾಗುತ್ತದೆ. ಮೊದಲು ಕುರುವಟ್ಟದ ಪಂದ್ಯ (ನಮ್ಮವರು ಈಗಲೂ ಜೋನಲ್ ಅಂತಲೇ ಅನ್ನುತ್ತಾರೆ), ಅಲ್ಲಿ ಗೆದ್ದರೆ ಜಿಲ್ಲಾ ಮಟ್ಟ, ಅಲ್ಲಿಂದ ರಾಜ್ಯ ಮಟ್ಟ. ಇದರ ಜೊತೆಗೆ ಸಿ.ಎಂ. ಟ್ರೋಫಿ. ಸಂಕ್ರಾಂತಿ ಬಂತೆಂದರೆ ಊರೂರಲ್ಲಿ ಲೈಟು ಕಟ್ಟಿ ರಾತ್ರಿಯೆಲ್ಲ ಕಬಡ್ಡಿ. ಡೆಂಕಣಿಕೋಟೆ, ತಳಿ, ಕೆಲಮಂಗಲ, ಬಾಗಲೂರು, ಶೂಲಗಿರಿ, ಯಾವ ಕಡೆಯ ಹುಡುಗನನ್ನು ಕೇಳಿದರೂ ಕ್ರಿಕೆಟ್ ಬಿಟ್ಟರೆ ಕಬಡ್ಡಿ ಎನ್ನುತ್ತಾನೆ. ತಮಿಳಿನಲ್ಲಿ ಸಡುಗುಡು, ನಮ್ಮಲ್ಲಿ ಕಬಡ್ಡಿ. ಹೆಸರು ಯಾವುದಾದರೂ ಬೇಕಾಗುವುದು ಒಂದು ತುಂಡು ನೆಲ, ಸ್ವಲ್ಪ ಸುಣ್ಣದ ಪುಡಿ, ಎದೆಯೊಳಗೆ ಉಸಿರು. ಬಡವರ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಆಟ ಇನ್ನೊಂದಿಲ್ಲ.

ಈ ಆಟ ಬೇಡ ಎಂದು ಹೇಳಲು ನಾನು ಇದನ್ನು ಬರೆಯುತ್ತಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ಮಾತು ಒಂದೇ. ಆಟದಲ್ಲಿ ತಲೆಗೆ ಪೆಟ್ಟು ಬಿದ್ದ ಮಗು ಆ ದಿನ ಮತ್ತೆ ಅಂಕಣಕ್ಕೆ ಇಳಿಯಬಾರದು. ಇಳಿಯಬೇಕೋ ಬೇಡವೋ ಎಂದು ಮಗುವನ್ನು ಕೇಳಲೂಬಾರದು. ಜೊತೆಗೆ, ಪೆಟ್ಟು ಬಿದ್ದ ಸಂಗತಿ ಅದೇ ದಿನ ಅದರ ಮನೆಯವರಿಗೆ ಅವರ ಭಾಷೆಯಲ್ಲಿ ತಿಳಿಯಬೇಕು. ಇಷ್ಟೇ. ಕೇಳಲು ಸಣ್ಣ ಮಾತು. ನಡೆಸಲು ಎಷ್ಟು ಕಷ್ಟ ಎಂಬುದು ಪಂದ್ಯಕ್ಕೆ ಮಕ್ಕಳನ್ನು ಕರೆದುಕೊಂಡು ಹೋದ ಪ್ರತಿ ಮೇಷ್ಟ್ರಿಗೂ ಗೊತ್ತು.

ನಮ್ಮ ಜನರ ಲೆಕ್ಕ ಹೇಗಿದೆ ನೋಡಿ. ಮೊಣಕಾಲು ತರಚಿ ರಕ್ತ ಬಂದರೆ ಹತ್ತು ಜನ ಓಡಿ ಬರುತ್ತಾರೆ. ಒಬ್ಬರು ಅರಿಶಿನ ತರುತ್ತಾರೆ, ಒಬ್ಬರು ಕಾಫಿಪುಡಿ ಒತ್ತುತ್ತಾರೆ. ಕೈ ಮುರಿದರೆ ಕಟ್ಟು ಕಟ್ಟುವವರ ಹತ್ತಿರ ಕರೆದುಕೊಂಡು ಹೋಗುತ್ತಾರೆ. ಅದೇ ಹುಡುಗನ ತಲೆ ಇನ್ನೊಬ್ಬನ ಮೊಣಕಾಲಿಗೆ ಬಡಿದು, ಎರಡು ನಿಮಿಷ ಕಣ್ಣು ಕತ್ತಲಾಗಿ, ಆಮೇಲೆ ಎದ್ದು ನಿಂತರೆ? ಮುಖಕ್ಕೆ ನೀರು ಚಿಮುಕಿಸಿ, ಒಂದು ಗೋಲಿ ಸೋಡ ಕುಡಿಸಿ, ಬೆನ್ನು ತಟ್ಟಿ, 'ರಕ್ತ ಬರಲಿಲ್ಲ, ಏನೂ ಆಗಿಲ್ಲ, ಆಡು ಹೋಗೋ' ಎನ್ನುತ್ತೇವೆ. ಹುಡುಗನೂ 'ಏನೂ ಆಗಿಲ್ಲ ಸಾರ್, ಆಡ್ತೀನಿ' ಎನ್ನುತ್ತಾನೆ. ಸುತ್ತ ನಿಂತವರು ಚಪ್ಪಾಳೆ ಹೊಡೆಯುತ್ತಾರೆ. ಎಲ್ಲರಿಗೂ ಅವನು ಆಗ ವೀರ.

ಇಲ್ಲೇ ತಪ್ಪು. ಮಿದುಳಿನ ಪೆಟ್ಟು ಹೊರಗೆ ಕಾಣುವುದಿಲ್ಲ.

ತಲೆಬುರುಡೆಯ ಒಳಗೆ ಮಿದುಳು ಒಂದು ಬಗೆಯ ನೀರಿನಲ್ಲಿ ತೇಲಿಕೊಂಡಿರುತ್ತದೆ. ಓಡುತ್ತಿರುವ ಬಸ್ಸಿಗೆ ಡ್ರೈವರ್ ಗಕ್ಕನೆ ಬ್ರೇಕ್ ಹಾಕಿದರೆ ನಿಂತವರೆಲ್ಲ ಮುಂದಕ್ಕೆ ಮುಗ್ಗರಿಸುವುದಿಲ್ಲವೇ? ಹಾಗೆಯೇ ತಲೆ ಒಮ್ಮೆಲೇ ನಿಂತಾಗ, ಇಲ್ಲವೇ ಒಮ್ಮೆಲೇ ತಿರುಗಿದಾಗ, ಮಿದುಳು ಒಳಗೇ ಅಲುಗುತ್ತದೆ. ಇದನ್ನು ಡಾಕ್ಟರುಗಳು ಕನ್‌ಕಷನ್ ಎನ್ನುತ್ತಾರೆ. ನಾವು ಮಿದುಳು ಅಲುಗಾಟ ಎನ್ನೋಣ. ಹೀಗೆ ಅಲುಗಲು ಪೆಟ್ಟು ತಲೆಗೇ ಬೀಳಬೇಕೆಂದಿಲ್ಲ. ಜೋರಾಗಿ ಡ್ಯಾಶ್ ಹೊಡೆದಾಗ ಕತ್ತು ಝಾಡಿಸಿದರೂ ಸಾಕು. ಇನ್ನೊಂದು ಮುಖ್ಯ ಮಾತು: ಮಿದುಳು ಅಲುಗಿದವರಲ್ಲಿ ಹೆಚ್ಚಿನವರಿಗೆ ಪ್ರಜ್ಞೆ ತಪ್ಪುವುದೇ ಇಲ್ಲ. ಹತ್ತರಲ್ಲಿ ಒಬ್ಬರಿಗೆ ತಪ್ಪಿದರೆ ಹೆಚ್ಚು. ಹಾಗಾಗಿ 'ಅವನಿಗೆ ಪ್ರಜ್ಞೆ ಇತ್ತು, ಮಾತಾಡುತ್ತಿದ್ದ' ಎಂಬುದು ಸಮಾಧಾನದ ಮಾತಲ್ಲ. ಸ್ಕ್ಯಾನ್‌ನಲ್ಲಿ ಏನೂ ಕಾಣಲಿಲ್ಲ ಎಂದರೂ ಅಲುಗಾಟ ಆಗಿಲ್ಲ ಎಂದು ಅರ್ಥವಲ್ಲ. ಸ್ಕ್ಯಾನ್ ಹುಡುಕುವುದು ಮುಖ್ಯವಾಗಿ ರಕ್ತಸ್ರಾವ ಮತ್ತು ಬುರುಡೆಯ ಬಿರುಕನ್ನು.

ಮಕ್ಕಳ ವಿಷಯದಲ್ಲಿ ಅಪಾಯ ಇನ್ನೂ ಹೆಚ್ಚು. ಮಗುವಿನ ಮೈಗೆ ಹೋಲಿಸಿದರೆ ತಲೆ ದೊಡ್ಡದು, ಕತ್ತಿನ ಸ್ನಾಯು ಇನ್ನೂ ಗಟ್ಟಿಯಾಗಿರುವುದಿಲ್ಲ, ಮಿದುಳು ಇನ್ನೂ ಬೆಳೆಯುತ್ತಿರುತ್ತದೆ. ದೊಡ್ಡವರಿಗಿಂತ ಮಕ್ಕಳು ಚೇತರಿಸಿಕೊಳ್ಳಲು ಹೆಚ್ಚು ದಿನ ಬೇಕು. ಎಲ್ಲಕ್ಕಿಂತ ಭಯದ್ದು ಎರಡನೇ ಪೆಟ್ಟು. ಮೊದಲ ಪೆಟ್ಟಿನಿಂದ ಸುಧಾರಿಸಿಕೊಳ್ಳುವ ಮುಂಚೆ ಇನ್ನೊಂದು ಪೆಟ್ಟು ಬಿದ್ದರೆ, ಅದು ಸಣ್ಣದೇ ಆದರೂ, ಮಿದುಳು ಒಮ್ಮೆಲೇ ಊದಿಕೊಂಡು ಜೀವಕ್ಕೇ ಕುತ್ತು ಬರಬಹುದು. ಇದು ಅಪರೂಪ. ಆದರೆ ಆದಾಗ ಬಲಿಯಾಗುವವರು ಹೆಚ್ಚಾಗಿ ಎಳೆಯ ಪ್ರಾಯದ ಆಟಗಾರರೇ.

ಹಳೆಯ ಒಂದು ಸಂಗತಿ ನೆನಪಿಸುತ್ತೇನೆ. ರಮಣ್ ಲಾಂಬಾ ಹೆಸರು ನನ್ನ ವಯಸ್ಸಿನವರಿಗೆ ನೆನಪಿರಬಹುದು. ಭಾರತಕ್ಕೆ ಆಡಿದ ಕ್ರಿಕೆಟಿಗ. 1998ರ ಫೆಬ್ರವರಿಯಲ್ಲಿ ಢಾಕಾದಲ್ಲಿ ಕ್ಲಬ್ ಪಂದ್ಯ ಆಡುತ್ತಿದ್ದರು. ಓವರಿನಲ್ಲಿ ಉಳಿದದ್ದು ಮೂರೇ ಚೆಂಡು ಎಂದು ಹೆಲ್ಮೆಟ್ ಇಲ್ಲದೆ ಬ್ಯಾಟ್ಸ್‌ಮನ್ ಹತ್ತಿರ ಶಾರ್ಟ್ ಲೆಗ್‌ನಲ್ಲಿ ನಿಂತರು. ಚೆಂಡು ಬಂದು ಹಣೆಗೆ ಬಡಿಯಿತು. ಅವರು ಎದ್ದರು. ತಾವೇ ನಡೆದುಕೊಂಡು ಡ್ರೆಸ್ಸಿಂಗ್ ರೂಮಿಗೆ ಹೋದರು. ಸ್ವಲ್ಪ ಹೊತ್ತಿಗೆ ಕುಸಿದರು. ಒಳಗೆ ರಕ್ತಸ್ರಾವ ಆಗಿತ್ತು. ಮೂರು ದಿನದ ಮೇಲೆ, ಫೆಬ್ರವರಿ 23ರಂದು ತೀರಿಕೊಂಡರು. ವಯಸ್ಸು 38. ಎದ್ದು ನಿಂತರು, ನಡೆದು ಹೋದರು ಎಂಬುದನ್ನು ನಾವು ಮರೆಯಬಾರದು. ಪೆಟ್ಟು ಬಿದ್ದ ಮೇಲೆ ಮನುಷ್ಯ ಚೆನ್ನಾಗಿಯೇ ಕಾಣುವ ಒಂದಷ್ಟು ಹೊತ್ತು ಇರುತ್ತದೆ. ನಮ್ಮ ಹಳ್ಳಿ ಮೈದಾನಗಳಲ್ಲಿ 'ಏನೂ ಆಗಿಲ್ಲ' ಎಂಬ ತೀರ್ಪು ಹೊರಬೀಳುವುದು ಆ ಹೊತ್ತಿನಲ್ಲೇ.

ಹತ್ತಿರದ ಸಂಗತಿಗಳೂ ಇವೆ. 2022ರ ಜುಲೈ ತಿಂಗಳು ಒಂದರಲ್ಲೇ ಎರಡು ಸಾವು ಕೇಳಿದೆವು. ಬೆಂಗಳೂರಿನಲ್ಲಿ ನಡೆದ ರಾಜ್ಯಮಟ್ಟದ ಕಿಕ್‌ಬಾಕ್ಸಿಂಗ್ ಪಂದ್ಯದಲ್ಲಿ ಮೈಸೂರಿನ 23 ವರ್ಷದ ಹುಡುಗ ಮುಖಕ್ಕೆ ಬಿದ್ದ ಹೊಡೆತಕ್ಕೆ ಕುಸಿದು ಬಿದ್ದ, ಕೆಲವು ದಿನದಲ್ಲಿ ಆಸ್ಪತ್ರೆಯಲ್ಲಿ ತೀರಿಕೊಂಡ. ಸ್ಥಳದಲ್ಲಿ ಸರಿಯಾದ ವೈದ್ಯಕೀಯ ವ್ಯವಸ್ಥೆ ಇರಲಿಲ್ಲ ಎಂಬುದು ಮನೆಯವರ ದೂರಾಗಿತ್ತು. ಅದೇ ತಿಂಗಳ ಕೊನೆಗೆ ನಮ್ಮ ರಾಜ್ಯದ ಕಡಲೂರು ಜಿಲ್ಲೆಯ ಪನ್ರುಟಿ ಬಳಿ ಕಬಡ್ಡಿ ಪಂದ್ಯದಲ್ಲಿ ರೈಡ್‌ಗೆ ಹೋದ 22 ವರ್ಷದ ಕಾಲೇಜು ಹುಡುಗ ಹಿಡಿತದಲ್ಲಿ ಕೆಳಗೆ ಬಿದ್ದ, ಏಳಲು ನೋಡಿ ಮತ್ತೆ ಕುಸಿದ, ಉಳಿಯಲಿಲ್ಲ. ಆ ವಿಡಿಯೋ ನಿಮ್ಮ ಫೋನಿಗೂ ಬಂದಿರಬೇಕು. ಅದು ಎದೆಗೆ ಬಿದ್ದ ಪೆಟ್ಟು ಎಂದು ವರದಿಯಾಗಿತ್ತು, ತಲೆಯದ್ದಲ್ಲ. ಆದರೂ ಕಬಡ್ಡಿಯಲ್ಲಿ ಒಬ್ಬನ ಮೇಲೆ ನಾಲ್ಕೈದು ಜನರ ಭಾರ ಬೀಳುವಾಗ ಏನಾಗಬಹುದು ಎಂಬುದನ್ನು ಅದು ಎಲ್ಲರ ಕಣ್ಣಿಗೂ ತೋರಿಸಿತು. ಮುಂದಿನ ತಿಂಗಳೇ ಚೆನ್ನೈನಲ್ಲಿ ರಾಷ್ಟ್ರೀಯ ಕಿಕ್‌ಬಾಕ್ಸಿಂಗ್ ಪಂದ್ಯಕ್ಕೆ ಬಂದಿದ್ದ ಅರುಣಾಚಲ ಪ್ರದೇಶದ ಹುಡುಗನೊಬ್ಬ ಪಂದ್ಯದಲ್ಲಾದ ಪೆಟ್ಟಿನಿಂದ ಸತ್ತ. ಇವರೆಲ್ಲ ಬೆಳೆದ ಹುಡುಗರು, ಪಳಗಿದ ಆಟಗಾರರು. ನಮ್ಮ ಎಂಟನೇ ಕ್ಲಾಸಿನ ಮಕ್ಕಳ ಗತಿ ಏನು?

ಕಬಡ್ಡಿಯಲ್ಲಿ ತಲೆಗೆ ಪೆಟ್ಟು ಬೀಳುವುದು ಎಲ್ಲಿ ಎಂದು ಸ್ವಲ್ಪ ಗಮನಿಸಿ. ರೈಡರ್ ಬೋನಸ್‌ಗೋ ಟಚ್‌ಗೋ ಮುಂದೆ ಹೋದಾಗ ಹಿಂದಿನಿಂದ ಪಾದ ಹಿಡಿದರೆ ಅವನು ಮುಂದಕ್ಕೆ ಮುಗ್ಗರಿಸಿ ಮುಖ, ಹಣೆ ನೆಲಕ್ಕೆ ಬಡಿಯುತ್ತದೆ. ಪಾದ ಹಿಡಿಯಲು ಡೈವ್ ಹೊಡೆದವನ ತಲೆ ರೈಡರ್‌ನ ಮೊಣಕಾಲಿಗೆ ಸಿಗುತ್ತದೆ. ಇಬ್ಬರು ಒಟ್ಟಿಗೆ ನುಗ್ಗಿದರೆ ತಲೆಗೆ ತಲೆ ಢಿಕ್ಕಿ. ಟಿ.ವಿ.ಯಲ್ಲಿ 2014ರಿಂದ ಪ್ರೊ ಕಬಡ್ಡಿ ಬರತೊಡಗಿದ ಮೇಲೆ ಇನ್ನೊಂದು ಸೇರಿಕೊಂಡಿದೆ, ಡುಬ್ಕಿ. ಕೈ ಕೈ ಹಿಡಿದು ನಿಂತವರ ಕೆಳಗೆ ಬಗ್ಗಿ ನುಸುಳಿ ಬರುವುದು. ನೋಡಲು ಚೆಂದ. ಅದರಲ್ಲಿ ರೈಡರ್‌ನ ತಲೆ ಬೇರೆಯವರ ಮೊಣಕಾಲಿನ ಮಟ್ಟಕ್ಕೆ ಇಳಿದಿರುತ್ತದೆ. ಟಿ.ವಿ.ಯವರು ಆಡುವುದು ಮೆತ್ತನೆ ಮ್ಯಾಟ್ ಮೇಲೆ, ಪಕ್ಕದಲ್ಲೇ ಡಾಕ್ಟರ್ ಇರುತ್ತಾರೆ. ನಮ್ಮ ಮಕ್ಕಳು ಅದನ್ನು ನೋಡಿ ಮಾರನೇ ದಿನ ಆಡುವುದು ಬಿಸಿಲಿಗೆ ಒಣಗಿ ಕಲ್ಲಿನಂತಾದ ಕೆಂಪು ಮಣ್ಣಿನ ಮೇಲೆ. ಹಳ್ಳಿಯ ಓಪನ್ ಪಂದ್ಯಗಳಲ್ಲಿ ತೂಕದ ವರ್ಗವೂ ಇಲ್ಲ. ನಲವತ್ತು ಕೆ.ಜಿ. ಹುಡುಗನನ್ನು ಎಪ್ಪತ್ತು ಕೆ.ಜಿ. ಗಂಡಸು ಹಿಡಿಯುತ್ತಾನೆ.

ಆಟದ ನಿಯಮದಲ್ಲಿ ಇದಕ್ಕೆ ಒಂದಿಷ್ಟು ಕಡಿವಾಣ ಈಗಾಗಲೇ ಇದೆ. ಬಾಯಿ ಮುಚ್ಚಿ ಉಸಿರು ತಡೆಯುವುದು, ಕುತ್ತಿಗೆ ಹಿಸುಕುವುದು, ಕಾಲಿನಿಂದ ಕತ್ತರಿ ಹಾಕುವುದು, ಗಾಯವಾಗುವ ಹಾಗೆ ಒರಟಾಗಿ ಹಿಡಿಯುವುದು, ಇವೆಲ್ಲ ಫೌಲ್. ಶಾಲೆಯ ಪಂದ್ಯದಲ್ಲಿ ರೆಫರಿ ಇವಕ್ಕೆ ವಿಸಿಲ್ ಊದಿದರೆ ಅರ್ಧ ಅಪಾಯ ಕಡಿಮೆಯಾದೀತು. ಆದರೆ ಊದಿದರೆ 'ಇದೇನು ಕಬಡ್ಡಿಯೋ ಕುಂಟೆಬಿಲ್ಲೆಯೋ' ಎಂದು ಜನ ಕೂಗುತ್ತಾರೆ.

ಇನ್ನು ನಮ್ಮ ಕನ್ನಡ ಶಾಲೆಗಳದ್ದೇ ಆದ ಒಂದು ತೊಂದರೆ ಇದೆ. ಅದನ್ನು ಮುಚ್ಚಿಟ್ಟುಕೊಂಡು ಪ್ರಯೋಜನವಿಲ್ಲ. ಕಬಡ್ಡಿ ತಂಡ ಎಂದರೆ ಅಂಕಣದಲ್ಲಿ ಏಳು ಜನ, ಹೊರಗೆ ಬದಲಿ ಐದು ಜನ. ಮಕ್ಕಳ ಸಂಖ್ಯೆ ವರ್ಷ ವರ್ಷ ಇಳಿಯುತ್ತಿರುವ ನಮ್ಮ ಶಾಲೆಗಳಲ್ಲಿ ಏಳು ಜನರನ್ನು ಕೂಡಿಸುವುದೇ ಹರಸಾಹಸ. ಆರನೇ ಕ್ಲಾಸಿನವನನ್ನೂ ಸೇರಿಸಿ ಏಳು ಮಾಡಿಕೊಂಡು ಹೋಗಿರುತ್ತೇವೆ. ಬದಲಿ ಎಂಬುದು ಕಾಗದದ ಮೇಲೆ ಮಾತ್ರ. ಎದುರಿಗೆ ನೂರಾರು ಮಕ್ಕಳಿರುವ ದೊಡ್ಡ ತಮಿಳು ಮಾಧ್ಯಮ ಶಾಲೆ. ಅಂಥ ತಂಡದ ಎದುರು ನಮ್ಮ ಮಕ್ಕಳು ಎರಡು ಪಾಯಿಂಟ್ ಮುಂದಿರುವಾಗ ನಮ್ಮ ಒಳ್ಳೆಯ ರೈಡರ್ ತಲೆಗೆ ಪೆಟ್ಟು ತಿಂದು ಕೂತರೆ, ಅವನನ್ನು ಎಬ್ಬಿಸಬೇಡಿ ಎಂದು ಹೇಳುವ ಗಂಟಲು ಯಾರಿಗಿದೆ? ಗೆದ್ದರೆ ಊರಿನಲ್ಲಿ ಶಾಲೆಯ ಹೆಸರು ಉಳಿಯುತ್ತದೆ, ಮುಂದಿನ ವರ್ಷ ನಾಲ್ಕು ಮಕ್ಕಳು ಹೆಚ್ಚು ಸೇರಬಹುದು, 'ಕನ್ನಡ ಶಾಲೆಯವರು ಯಾರಿಗೂ ಕಡಿಮೆ ಇಲ್ಲ' ಎಂದು ತೋರಿಸಬಹುದು. ಈ ಆಸೆ ನನಗೂ ಇದೆ. ಆದರೆ ಶಾಲೆಯ ಮಾನವನ್ನು ಒಂದು ಮಗುವಿನ ತಲೆಯ ಮೇಲೆ ಹೊರಿಸುವುದು ನ್ಯಾಯವಲ್ಲ. ಆರು ಜನರಲ್ಲಿ ಆಡಿ ಸೋತ ಶಾಲೆ ಮುಂದಿನ ವರ್ಷ ಗೆಲ್ಲಬಹುದು.

ಒಂದು ಸಲ ಪಂದ್ಯವೊಂದರಲ್ಲಿ ಬೇರೆ ಶಾಲೆಯ ಹುಡುಗ ಪೆಟ್ಟು ಬಿದ್ದ ಮೇಲೆ ನಮ್ಮ ತಂಡದ ಕಡೆ ಬಂದು ನಿಂತುಬಿಟ್ಟ. ತನ್ನ ತಂಡ ಯಾವ ಕಡೆ ಇದೆ ಎಂಬುದು ಅವನಿಗೆ ತಿಳಿಯಲಿಲ್ಲ. ನೋಡುತ್ತಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಅವನೂ ನಕ್ಕ. ಮತ್ತೆ ಐದು ನಿಮಿಷ ಆಡಿದ. ಅಲ್ಲಿದ್ದ ಯಾರಿಗೂ ಅದು ಮಿದುಳಿನ ಪೆಟ್ಟಿನ ಗುರುತು ಎಂಬುದು ಹೊಳೆಯಲಿಲ್ಲ, ಏಕೆಂದರೆ ಅದನ್ನು ಯಾರೂ ಯಾರಿಗೂ ಕಲಿಸಿಲ್ಲ. ಡಿ.ಟಿ.ಎಡ್., ಟಿ.ಸಿ.ಎಚ್., ಬಿ.ಎಡ್. ಎಂದು ಏನೇನೋ ಓದಿದ್ದೇವೆ. ಇದು ಯಾವ ಪಾಠದಲ್ಲೂ ಇರಲಿಲ್ಲ.

ಹೊರಗಿನವರು ಇದನ್ನು ಕಲಿತದ್ದೂ ನೋವು ತಿಂದ ಮೇಲೆಯೇ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ 2006ರಲ್ಲಿ ಝಾಕರಿ ಲೈಸ್ಟೆಡ್ ಎಂಬ 13 ವರ್ಷದ ಹುಡುಗ ಶಾಲೆಯ ಫುಟ್‌ಬಾಲ್ ಪಂದ್ಯದಲ್ಲಿ ತಲೆ ನೆಲಕ್ಕೆ ಬಡಿದು ಬಿದ್ದ. ಸ್ವಲ್ಪ ಹೊತ್ತು ಹೊರಗೆ ಕೂತ. ಮತ್ತೆ ಆಡಲು ಇಳಿದ. ಪಂದ್ಯ ಮುಗಿಯುತ್ತಿದ್ದ ಹಾಗೆ ಕುಸಿದ. ಜೀವ ಉಳಿಯಿತು, ಆದರೆ ಮಾತು ಬರಲು ತಿಂಗಳುಗಟ್ಟಲೆ, ನಿಲ್ಲಲು ವರ್ಷಗಟ್ಟಲೆ ಬೇಕಾಯಿತು. ಅವನ ಹೆಸರಿನಲ್ಲೇ ಆ ರಾಜ್ಯ 2009ರಲ್ಲಿ ಕಾನೂನು ತಂದಿತು. ತಲೆಗೆ ಪೆಟ್ಟು ಬಿದ್ದ ಅನುಮಾನ ಬಂದರೆ ಸಾಕು, ಮಗುವನ್ನು ಹೊರಗೆ ಕೂರಿಸಬೇಕು, ಅರಿತ ವೈದ್ಯರು ಬರೆದುಕೊಡದೆ ಮತ್ತೆ ಆಡಿಸುವ ಹಾಗಿಲ್ಲ. 2014ರ ಹೊತ್ತಿಗೆ ಅಮೆರಿಕದ 50 ರಾಜ್ಯಗಳಲ್ಲೂ ಇಂಥ ಕಾನೂನು ಬಂತು. ಬ್ರಿಟನ್ 2023ರಲ್ಲಿ ಊರು ಮಟ್ಟದ ಎಲ್ಲ ಆಟಗಳಿಗೂ ಸೇರಿಸಿ ಸೂಚನೆ ಹೊರಡಿಸಿತು. ಅನುಮಾನ ಇದ್ದರೆ ಹೊರಗೆ ಕೂರಿಸಿ ಎಂಬುದೇ ಅದರ ಸಾರ. ಪೆಟ್ಟು ಬಿದ್ದ ಮೇಲೆ ಕಡಿಮೆ ಎಂದರೂ 21 ದಿನ ಪಂದ್ಯ ಇಲ್ಲ.

ನಮ್ಮ ಕ್ರಿಕೆಟ್ಟಿನಲ್ಲೂ ಇದು ಬಂದಿದೆ. 2014ರಲ್ಲಿ ಆಸ್ಟ್ರೇಲಿಯಾದ ಫಿಲಿಪ್ ಹ್ಯೂಸ್ ಕತ್ತಿಗೆ ಚೆಂಡು ಬಡಿದು ಸತ್ತ ಮೇಲೆ ಎಲ್ಲರ ಕಣ್ಣು ತೆರೆಯಿತು. 2019ರ ಆಗಸ್ಟ್‌ನಿಂದ ತಲೆಗೆ ಪೆಟ್ಟು ಬಿದ್ದವರ ಬದಲಿಗೆ ಇನ್ನೊಬ್ಬರನ್ನು ಪೂರ್ತಿಯಾಗಿ ಆಡಿಸಬಹುದು ಎಂದು ಐ.ಸಿ.ಸಿ. ನಿಯಮ ತಂದಿತು. 2020ರ ಡಿಸೆಂಬರ್‌ನಲ್ಲಿ ಕ್ಯಾನ್‌ಬೆರಾದಲ್ಲಿ ರವೀಂದ್ರ ಜಡೇಜ ಹೆಲ್ಮೆಟ್‌ಗೆ ಚೆಂಡು ಬಡಿದ ಮೇಲೂ ಓವರ್ ಮುಗಿಸಿ ಬಂದರು. ಆಮೇಲೆ ಅವರನ್ನು ಕೂರಿಸಿ, ಆಗ ನಮ್ಮ ಬೆಂಗಳೂರು ತಂಡದಲ್ಲಿದ್ದ ಚಹಲ್ ಅವರನ್ನು ಇಳಿಸಿದರು. ಚಹಲ್ ಮೂರು ವಿಕೆಟ್ ತೆಗೆದು ಪಂದ್ಯ ಗೆಲ್ಲಿಸಿದರು. ಇದನ್ನು ನಾನು ಮಕ್ಕಳಿಗೆ ಹೇಳುತ್ತಿರುತ್ತೇನೆ. ಜಡೇಜ ಕೂತರು ಎಂದು ಯಾರೂ ಅವರನ್ನು ಹೇಡಿ ಎನ್ನಲಿಲ್ಲ.

ನಮ್ಮಲ್ಲಿ ಶಾಲೆಯ ಮೈದಾನಕ್ಕೆ ಅಂಥ ಕಾನೂನು ಇಲ್ಲ. ಇದರಲ್ಲಿ ಒಂದು ವಿಚಿತ್ರವೂ ಇದೆ. ಎತ್ತು ಬಿಡುವ ಹಬ್ಬ, ಜಲ್ಲಿಕಟ್ಟು ನಡೆಸಬೇಕಾದರೆ ಅನುಮತಿ ಬೇಕು, ಡಾಕ್ಟರುಗಳ ತಂಡ, ಆಂಬುಲೆನ್ಸ್, ತಡೆಬೇಲಿ ಬೇಕು. 2017ರಿಂದ ಅದಕ್ಕೆ ನಿಯಮಾವಳಿಯೇ ಇದೆ. 2023ರ ಫೆಬ್ರವರಿ 2ರಂದು ಗೋಪಸಂದ್ರದಲ್ಲಿ ಆ ಹಬ್ಬಕ್ಕೆ ಅನುಮತಿ ಸಿಗಲಿಲ್ಲ ಎಂದು ನಮ್ಮ ಜನ ಬೆಂಗಳೂರು ಹೆದ್ದಾರಿಯನ್ನೇ ಗಂಟೆಗಟ್ಟಲೆ ತಡೆದು ಕೂತರು. ಮಕ್ಕಳ ಕಬಡ್ಡಿಗೆ ಒಂದು ಆಂಬುಲೆನ್ಸ್ ಬೇಕು ಎಂದು ರಸ್ತೆ ತಡೆಯುವುದು ಬೇಡ, ಒಂದು ಅರ್ಜಿ ಬರೆದವರು ಎಷ್ಟು ಜನ? ರಸ್ತೆ ಅಪಘಾತದಲ್ಲಿ ಪೆಟ್ಟು ತಿಂದವರಿಗೆ ಮೊದಲ 48 ಗಂಟೆ ಉಚಿತ ಚಿಕಿತ್ಸೆ ಕೊಡುವ ಯೋಜನೆಯನ್ನು 2021ರ ಡಿಸೆಂಬರ್‌ನಲ್ಲಿ ನಮ್ಮ ಸರ್ಕಾರ ತಂದಿತು. ಬಹಳ ಒಳ್ಳೆಯ ಕೆಲಸ. ತಲೆಗೆ ಬಿದ್ದ ಪೆಟ್ಟಿಗೆ ಮೊದಲ ಗಂಟೆಗಳು ಎಷ್ಟು ಮುಖ್ಯ ಎಂಬುದು ಸರ್ಕಾರಕ್ಕೆ ಗೊತ್ತು ಎಂದಾಯಿತು. ಅದೇ ಅರಿವು ಮೈದಾನಕ್ಕೂ ಬರಬೇಕು.

ಹೊಸೂರಿನವರಿಗೆ ಒಂದು ಅನುಕೂಲ ಇದೆ. ದೇಶದಲ್ಲೇ ಹೆಸರಾದ ನಿಮ್ಹಾನ್ಸ್ ಇರುವುದು ಬೆಂಗಳೂರಿನ ಹೊಸೂರು ರಸ್ತೆಯಲ್ಲೇ. ಆದರೆ ಅತ್ತಿಬೆಲೆ ದಾಟಿ, ಎಲೆಕ್ಟ್ರಾನಿಕ್ ಸಿಟಿ ಹಾದು, ಸಿಲ್ಕ್ ಬೋರ್ಡ್ ಹತ್ತಿರ ಸಾಯಂಕಾಲ ಆರು ಗಂಟೆಗೆ ಸಿಕ್ಕಿಕೊಂಡರೆ ಹತ್ತಿರ ಇದ್ದೂ ದೂರವೇ. ಅಂಚೆಟ್ಟಿ ಬೆಟ್ಟದ ಕಡೆಯವರ ಪಾಡು ಹೇಳುವುದೇ ಬೇಡ. ಹಾಗಾಗಿ ಪೆಟ್ಟು ಬಿದ್ದ ಮೊದಲ ಹತ್ತು ನಿಮಿಷ ಮೈದಾನದಲ್ಲಿ ಇರುವವರು ಏನು ಮಾಡುತ್ತಾರೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಬಿದ್ದವನ ಕತ್ತಿಗೆ ನೋವಿದ್ದರೆ, ಅಥವಾ ಪ್ರಜ್ಞೆ ಇಲ್ಲದಿದ್ದರೆ, ನಾಲ್ಕು ಜನ ಕೈಕಾಲು ಹಿಡಿದು ಎತ್ತಿಕೊಂಡು ಓಡಬಾರದು. ಉಸಿರಾಟ ನೋಡಿಕೊಂಡು, ಕತ್ತು ಅಲುಗದಂತೆ ಇರಿಸಿ, 108ಕ್ಕೆ ಫೋನ್ ಮಾಡಬೇಕು. ಫಿಟ್ಸ್ ಬಂದರೆ ಕೈಗೆ ಬೀಗದ ಕೈ ಕೊಡುವುದು, ಮೂಗಿಗೆ ಈರುಳ್ಳಿ ಹಿಡಿಯುವುದು ಯಾವ ಪ್ರಯೋಜನಕ್ಕೂ ಇಲ್ಲ. ಬಾಯಿಗೆ ನೀರು ಹಾಕಲೇಬಾರದು.

ಈಗ ಮನೆಯ ಮಾತಿಗೆ ಬರುತ್ತೇನೆ. ನಮ್ಮ ಮಕ್ಕಳ ತಾಯಂದಿರಲ್ಲಿ ಹಲವರಿಗೆ ತಮಿಳು ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಆಸ್ಪತ್ರೆಯ ಚೀಟಿ ಇಂಗ್ಲಿಷಿನಲ್ಲಿ, ಪಂದ್ಯದ ಸೂಚನೆ ತಮಿಳಿನಲ್ಲಿ. ಹುಡುಗನಂತೂ ಮನೆಯಲ್ಲಿ ಬಾಯಿ ಬಿಡುವುದಿಲ್ಲ. ಹೇಳಿದರೆ ಆಟ ಬಿಡಿಸುತ್ತಾರೆ ಎಂಬ ಭಯ. ಹುಡುಗಿಯರಿಗೆ ಈ ಭಯ ಹತ್ತು ಪಟ್ಟು. ಮೊದಲೇ 'ದೊಡ್ಡವಳಾದಳು, ಇನ್ನೇನು ಕಬಡ್ಡಿ' ಎನ್ನುವ ಮನೆಗಳು. ತಲೆಗೆ ಪೆಟ್ಟು ಎಂದರೆ ಅಲ್ಲಿಗೆ ಮುಗಿಯಿತು. 2025ರ ಅಕ್ಟೋಬರ್‌ನಲ್ಲಿ ಬಹರೇನ್‌ನಲ್ಲಿ ನಡೆದ ಏಷ್ಯನ್ ಯೂತ್ ಗೇಮ್ಸ್‌ನಲ್ಲಿ ಚೆನ್ನೈ ಕಣ್ಣಗಿ ನಗರದ ಕಾರ್ತಿಕಾ ಚಿನ್ನ ಗೆದ್ದ ಕಬಡ್ಡಿ ತಂಡದಲ್ಲಿ ಇದ್ದಳು. ಅಂಥ ಹುಡುಗಿಯರು ನಮ್ಮ ಕಡೆಯಿಂದಲೂ ಬರಬೇಕಾದರೆ, ಪೆಟ್ಟು ಬಿದ್ದದ್ದನ್ನು ಹೇಳಿದ ಮಗುವಿಗೆ ಶಿಕ್ಷೆ ಆಗಬಾರದು. ಹೇಳಿದರೆ ಆಟ ನಿಲ್ಲುವುದು ಕೆಲವು ದಿನ ಮಾತ್ರ ಎಂಬ ನಂಬಿಕೆ ಹುಟ್ಟಬೇಕು.

ಅದಕ್ಕೇ ನಾನು ಹೇಳುವುದು, ಪ್ರತಿ ಕನ್ನಡ ಶಾಲೆಯಲ್ಲೂ ಒಂದು ಚೀಟಿ ಇರಲಿ. ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ. ಓದು ಬಾರದ ಮನೆಗೆ ಮೇಷ್ಟ್ರೇ ಫೋನ್ ಮಾಡಿ ಓದಿ ಹೇಳಲಿ. ಚೀಟಿಯಲ್ಲಿ ಇಷ್ಟಿದ್ದರೆ ಸಾಕು:

1. ನಿಮ್ಮ ಮಗುವಿಗೆ ಇಂದು ಇಷ್ಟು ಗಂಟೆಗೆ ಆಟದಲ್ಲಿ ತಲೆಗೆ ಪೆಟ್ಟು ಬಿದ್ದಿದೆ. ಒಮ್ಮೆ ಡಾಕ್ಟರಿಗೆ ತೋರಿಸಿ.

2. ಮತ್ತೆ ಮತ್ತೆ ವಾಂತಿ, ಹೆಚ್ಚುತ್ತಾ ಹೋಗುವ ತಲೆನೋವು, ಫಿಟ್ಸ್, ಎಬ್ಬಿಸಿದರೂ ಏಳದಂಥ ಮಂಪರು, ತೊದಲು ಮಾತು, ಕೈಕಾಲಿನಲ್ಲಿ ಬಲ ಇಲ್ಲದಿರುವುದು, ಒಂದು ವಸ್ತು ಎರಡಾಗಿ ಕಾಣುವುದು, ಕಣ್ಣಿನ ಪಾಪೆ ಒಂದು ದೊಡ್ಡದು ಒಂದು ಚಿಕ್ಕದು, ಕಿವಿ ಅಥವಾ ಮೂಗಿನಿಂದ ನೀರೋ ರಕ್ತವೋ ಸೋರುವುದು, ಗೊಂದಲ, ವಿಚಿತ್ರ ವರ್ತನೆ. ಇವುಗಳಲ್ಲಿ ಒಂದು ಕಂಡರೂ ರಾತ್ರಿ ಎಷ್ಟು ಹೊತ್ತಾಗಿದ್ದರೂ ಕಾಯಬೇಡಿ. 108.

3. ಮೊದಲ ಒಂದು ದಿನ ಮಗುವನ್ನು ಒಂಟಿಯಾಗಿ ಬಿಡಬೇಡಿ. ಡಾಕ್ಟರ್ ನೋಡಿದ ಮೇಲೆ ಮಲಗಬಹುದು, ಆದರೆ ಪಕ್ಕದಲ್ಲಿ ದೊಡ್ಡವರು ಇರಲಿ.

4. ಡಾಕ್ಟರನ್ನು ಕೇಳದೆ ನೋವಿನ ಮಾತ್ರೆ ಕೊಡಬೇಡಿ. ಬ್ರುಫೆನ್, ಆಸ್ಪಿರಿನ್ ಜಾತಿಯವು ಬೇಡವೇ ಬೇಡ.

5. ಒಂದೆರಡು ದಿನ ಮನೆಯಲ್ಲಿ ವಿಶ್ರಾಂತಿ. ಮೊಬೈಲ್, ಟಿ.ವಿ. ಕಡಿಮೆ. ಸೈಕಲ್ ಬೇಡ. ಆಮೇಲೆ ನಿಧಾನವಾಗಿ ಓಡಾಟ, ಶಾಲೆ. ಆಟ ಎಲ್ಲದಕ್ಕಿಂತ ಕೊನೆಗೆ.

ಕೊನೆಯ ಮಾತು ನಮ್ಮ ಶಿಕ್ಷಕ ಬಂಧುಗಳಿಗೆ. ಶಾಲೆಗೆ ವಾಪಸ್ ಬಂದ ಮಗುವನ್ನು ಗಮನಿಸುವವರು ನಾವೇ. ನಿನ್ನೆ ತನಕ ಹದಿಮೂರರ ಮಗ್ಗಿ ಗಡಗಡ ಹೇಳುತ್ತಿದ್ದವನು ಈಗ ನಡುವೆ ನಿಲ್ಲಿಸುತ್ತಾನೆ. ಬೋರ್ಡಿನ ಬೆಳಕಿಗೆ ಕಣ್ಣು ಕಿರಿದು ಮಾಡುತ್ತಾನೆ. ಸುಮ್ಮಸುಮ್ಮನೆ ಸಿಡುಕುತ್ತಾನೆ. ತೂಕಡಿಸುತ್ತಾನೆ. 'ಆಟ ಆಟ ಅಂತ ಓದು ಕೆಟ್ಟಿತು' ಎಂದು ಬೈಯುವುದು ನಮಗೆ ಸುಲಭ. ಅದು ಸೋಮಾರಿತನ ಅಲ್ಲದೆ ಇರಬಹುದು, ಮಿದುಳಿಗೆ ಬಿದ್ದ ಪೆಟ್ಟು ಇನ್ನೂ ಮಾಯದೆ ಇರಬಹುದು. ಪಂದ್ಯಕ್ಕೆ ಕರೆದುಕೊಂಡು ಹೋದ ಮೇಷ್ಟ್ರು ಪೆಟ್ಟಿನ ಸಂಗತಿಯನ್ನು ಕ್ಲಾಸ್ ಟೀಚರಿಗೆ ಹೇಳಿದ್ದರೆ ಮಾತ್ರ ಇದು ತಿಳಿಯುತ್ತದೆ. ಅಂಥ ಮಗುವಿಗೆ ಒಂದು ವಾರ ಮನೆಪಾಠ ಕಡಿಮೆ ಕೊಟ್ಟರೆ, ಯೂನಿಟ್ ಟೆಸ್ಟ್ ಮುಂದೆ ಹಾಕಿದರೆ ಆಕಾಶ ಕಳಚಿ ಬೀಳುವುದಿಲ್ಲ.

'ನಾವೂ ಆಡಿದ್ದೇವೆ, ಬಿದ್ದಿದ್ದೇವೆ, ನಮಗೇನಾಯಿತು?' ಎಂದು ಕೇಳುವವರು ಇದ್ದಾರೆ. ಹಾಗೆ ಕೇಳಲು ಉಳಿದವರು ಏನೂ ಆಗದವರು. ಆದವರು ಕೇಳಲು ಬರುವುದಿಲ್ಲ. ಇನ್ನು ಕೆಲವರು, ಹೀಗೆಲ್ಲ ಹೆದರಿಸಿದರೆ ಮಕ್ಕಳು ಮೈದಾನ ಬಿಟ್ಟು ಮೊಬೈಲ್ ಹಿಡಿಯುತ್ತಾರೆ ಎನ್ನುತ್ತಾರೆ. ಇದು ಯೋಚಿಸಬೇಕಾದ ಮಾತು. ಆದರೆ ಮಗುವನ್ನು ಮೈದಾನದಿಂದ ದೂರ ಮಾಡುವುದು ನಿಯಮವಲ್ಲ. ಒಂದು ಕೆಟ್ಟ ಪೆಟ್ಟು ಬಿದ್ದು ಊರಿಗೆಲ್ಲ ಸುದ್ದಿಯಾದರೆ ಆ ವರ್ಷ ಯಾವ ತಾಯಿಯೂ ಮಗುವನ್ನು ಕಬಡ್ಡಿಗೆ ಕಳಿಸುವುದಿಲ್ಲ. ಆಟ ಉಳಿಯಬೇಕಾದರೆ ಆಡುವವರು ಉಳಿಯಬೇಕು.

ದೊಡ್ಡ ದೊಡ್ಡ ಆದೇಶ ಬರುವ ತನಕ ಕಾಯಬೇಕಾಗಿಲ್ಲ. ನಮ್ಮ ಶಾಲೆಗಳಲ್ಲಿ ಎಸ್.ಎಂ.ಸಿ. ಇದೆ, ಸಭೆ ನಡೆಯುತ್ತದೆ. ಮುಂದಿನ ಸಭೆಯಲ್ಲಿ ನಾಲ್ಕು ಸಾಲಿನ ನಿರ್ಣಯ ಬರೆದುಬಿಡಿ. ತಲೆಗೆ ಪೆಟ್ಟು ಬಿದ್ದ ಮಗು ಅಂದು ಆಡುವುದಿಲ್ಲ. ತೀರ್ಮಾನ ಮಾಡುವವರು ತಂಡದ ಮೇಷ್ಟ್ರಲ್ಲದ ಇನ್ನೊಬ್ಬ ದೊಡ್ಡವರು, ಅವರ ಮಾತೇ ಕೊನೆ. ಅಂದೇ ಮನೆಗೆ ಕನ್ನಡದಲ್ಲಿ ತಿಳಿಸುವುದು. ಡಾಕ್ಟರ್ ಹೇಳದೆ, ಮೂರು ವಾರ ಕಳೆಯದೆ ಪಂದ್ಯಕ್ಕೆ ಇಲ್ಲ. ನಿರ್ಣಯ ಇದ್ದರೆ ಮೈದಾನದಲ್ಲಿ ಒಬ್ಬ ಮೇಷ್ಟ್ರು ಒಂಟಿಯಾಗಿ ಊರಿನವರ ಜೊತೆ ಜಗಳ ಆಡಬೇಕಾಗುವುದಿಲ್ಲ, 'ಇದು ನೀವೇ ಬರೆದ ನಿಯಮ' ಎನ್ನಬಹುದು. ಸಂಕ್ರಾಂತಿ ಪಂದ್ಯ ನಡೆಸುವ ಯುವಕ ಸಂಘದವರಿಗೂ ಒಂದು ಕೋರಿಕೆ. ಕಪ್ಪು, ಫ್ಲೆಕ್ಸ್, ಮೈಕಿಗೆ ಖರ್ಚು ಮಾಡುವುದರಲ್ಲಿ ಸ್ವಲ್ಪ ತೆಗೆದು ಅಂಕಣವನ್ನು ಅಗೆಸಿ ಮಣ್ಣು ಸಡಿಲ ಮಾಡಿಸಿ, ಎರಡು ಲೋಡು ಮರಳು ಹಾಕಿಸಿ, ಒಂದು ವಾಹನ ಸಿದ್ಧ ಇಟ್ಟುಕೊಳ್ಳಿ, ಮಕ್ಕಳಿಗೆ ಬೇರೆ ವರ್ಗ ಮಾಡಿ.

ಕಬಡ್ಡಿಯಲ್ಲಿ ಔಟಾದವನು ಹೊರಗೆ ಕೂತು ಕಾಯುತ್ತಾನೆ, ತಂಡದವರು ಪಾಯಿಂಟ್ ತಂದಾಗ ಅವನಿಗೆ ಮತ್ತೆ ಜೀವ ಬರುತ್ತದೆ. ಇದು ನಮ್ಮ ಮಕ್ಕಳಿಗೆ ನಾವು ಹೇಳಿಕೊಡಬೇಕಾಗಿಲ್ಲ, ಚೆನ್ನಾಗಿ ಗೊತ್ತು. ತಲೆಗೆ ಪೆಟ್ಟು ಬಿದ್ದಾಗಲೂ ಹೀಗೇ ಹೊರಗೆ ಕೂರಬೇಕು ಎಂಬುದೊಂದನ್ನು ಸೇರಿಸಿ ಹೇಳಿಕೊಡೋಣ. ನಿಮ್ಮ ಶಾಲೆಯಲ್ಲಿ ಏನು ಪದ್ಧತಿ ಇದೆ? ನಿಮ್ಮ ಊರಿನಲ್ಲಿ ಹೀಗೆ ಆದದ್ದು ಉಂಟೇ? ಬರೆದು ತಿಳಿಸಿ. ಚೀಟಿಯನ್ನು ಬೇಕಾದವರು ಹಾಗೆಯೇ ಬರೆದುಕೊಂಡು ಶಾಲೆಯ ಗೋಡೆಗೆ ಅಂಟಿಸಿ, ಯಾರನ್ನೂ ಕೇಳಬೇಕಾಗಿಲ್ಲ.